ಮೈಕ್ರೋಕಂಟ್ರೋಲರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡ್ಬೇಕಾ ಬ್ಯಾಡ್ವಾ? ಪದೇ ಪದೇ ಕೇಳೋ ಪ್ರಶ್ನೆಗಳು

ಮೈಕ್ರೋಕಂಟ್ರೋಲರ್ ಅಂದ್ರೆ ಬೋರ್ಡ್ ಮೇಲೆ ಕೂತು ನಾವು ಬರ್ದ ಕೋಡ್ ಓಡ್ಸೋ ಸಣ್ಣ ಚಿಪ್ಪು. ಆ ಕೋಡ್ ಬರೆಯೋಕೆ, ಚಿಪ್ಪಿಗೆ ಹಾಕೋಕೆ ಪಿಸಿಲಿ ಬಳಸೋ ಸಾಫ್ಟ್‌ವೇರ್ ಬಗ್ಗೆ ಇಲ್ಲಿ ಮಾತು. ದಾವಣಗೆರೆ, ಚಿತ್ರದುರ್ಗ ಕಡೆ ಬೋರ್ಡ್ ಕೆಲ್ಸ ಮಾಡೋರು, ಅಂದ್ರೆ ಮೊಬೈಲ್ ಸ್ಟಾರ್ಟರ್ (ಫೋನಿಂದ ಪಂಪ್ ಮೋಟ್ರು ಆನ್ ಆಫ್ ಮಾಡೋದು), ಟೈಮರ್, ಪ್ಯಾನೆಲ್ ಅಂತ ಸಣ್ಣ ಪ್ರಮಾಣದಲ್ಲಿ ಮಾಡಿ ಮಾರೋರು, ಜೊತೆಗೆ ಫೈನಲ್ ಇಯರ್ ಪ್ರಾಜೆಕ್ಟ್ ಹುಡುಗ್ರು, ಇವ್ರೆಲ್ಲಾ ಫೋನಲ್ಲಿ, ವಾಟ್ಸಾಪಲ್ಲಿ, ಟೀ ಕುಡಿಯೋವಾಗ ಕೇಳೋ ಪ್ರಶ್ನೆಗಳು ಇವು. ಅವ್ರು ಕೇಳಿದ ಧಾಟೀಲೇ ಹಾಕೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕಷ್ಟದ್ದು. ಯಾವ ಪ್ರಶ್ನೆ ಬೇಕೋ ಅದನ್ನೇ ಓದಿದ್ರೂ ನಡೀತೈತೆ.

## ಶುರು ಮಾಡೋರಿಗೆ

ಅಣ್ಣ, ಓಪನ್ ಮಾಡಿದ ಕೂಡ್ಲೇ ಹೊಸ ವರ್ಷನ್ ಬಂದೈತೆ ಅಂತ ತೋರಿಸ್ತಾ ಐತೆ, ಅಪ್‌ಡೇಟ್ ಒತ್ತಿಬಿಡ್ಲಾ?

ಟೇಬಲ್ ಮೇಲೆ ಈಗ ಏನ್ ಕೆಲ್ಸ ಇದೆ ಅನ್ನೋದ್ರ ಮೇಲೆ ಹೋಗುತ್ತೆ. ನಾಳೆ ಡೆಮೋ ಐತೆ, ಶುಕ್ರವಾರ ಕಸ್ಟಮರ್‌ಗೆ ಬೋರ್ಡ್ ಕೊಡ್ಬೇಕು ಅಂದ್ರೆ ಒತ್ತಬ್ಯಾಡ, ಆ ಕಿಟಕಿ ಮುಚ್ಚಿ ಕೆಲ್ಸ ಮುಗ್ಸು. ಹೊಸ ಪ್ರಾಜೆಕ್ಟ್ ಇವತ್ತು ಶುರು ಮಾಡ್ತಿದೀಯಾ, ಇನ್ನೂ ಒಂದು ಲೈನೂ ಬರ್ದಿಲ್ಲ ಅಂದ್ರೆ ಹೊಸದ್ರಲ್ಲೇ ಶುರು ಮಾಡು, ಯಾಕಂದ್ರೆ ಆರು ತಿಂಗ್ಳು ಬಿಟ್ಟು ಬದಲಾಯಿಸೋ ತಲೆನೋವು ಉಳೀತೈತೆ. ಕಲಿಯೋರು ಜಾಸ್ತಿ ಬಳಸೋ ಆರ್ಡುಯಿನೋ ಸಾಫ್ಟ್‌ವೇರಲ್ಲಿ "ಎಲ್ಲಾ ಲೈಬ್ರರಿ ಅಪ್‌ಡೇಟ್ ಮಾಡ್ಲಾ" ಅಂತ ಕೇಳೋದು ಮಾತ್ರ ಯಾವತ್ತೂ ಕಣ್ಮುಚ್ಚಿ ಒತ್ತಬ್ಯಾಡ, ಕೋಡ್ ಬರೆಯೋ ಐಡಿಇಗಿಂತ ಜಾಸ್ತಿ ಪ್ರಾಜೆಕ್ಟ್ ಕೆಡ್ಸಿರೋದು ಅದೇ.

ಐಡಿಇ, ಕಂಪೈಲರ್, ಕೋರ್, ಪ್ಯಾಕ್ ಅಂತೀರಲ್ಲ, ಎಲ್ಲಾ ಒಂದೇ ಸಾಫ್ಟ್‌ವೇರ್ ಅಲ್ವಾ?

ಅಲ್ಲ, ಗೊಂದಲದ ಮುಕ್ಕಾಲು ಪಾಲು ಇಲ್ಲೇ ಇರೋದು. ನೀವು ಕೋಡ್ ಟೈಪ್ ಮಾಡೋ ಕಿಟಕಿ ಐಡಿಇ. ಅದನ್ನ ಚಿಪ್ಪಿಗೆ ಅರ್ಥ ಆಗೋ ಹೆಕ್ಸ್ ಫೈಲ್ ಮಾಡೋದು ಕಂಪೈಲರ್. ಚಿಪ್ಪಿನ ರಿಜಿಸ್ಟರ್ ಹೆಸ್ರು, ಹೆಡರ್ ಫೈಲು ಇರೋದು ಪ್ಯಾಕು. ಒಂದು ಜಾತಿ ಬೋರ್ಡಿಗೆ ಬೇಕಾದ್ದೆಲ್ಲಾ ಒಟ್ಟಿಗೆ ಕಟ್ಟಿದ್ದು ಆರ್ಡುಯಿನೋದ ಕೋರು. ಇದರ ಜೊತೆ ಲೈಬ್ರರಿಗಳು, ಪ್ರೋಗ್ರಾಮರ್ (ಹೆಕ್ಸನ್ನ ಚಿಪ್ಪಿಗೆ ಹಾಕೋ ಡಬ್ಬಿ) ಒಳಗಿನ ಫರ್ಮ್‌ವೇರು, ವಿಂಡೋಸಿನ ಡ್ರೈವರು ಬೇರೆ. ಪಿಕ್ ಚಿಪ್ಪಿಗೆ ಬಳಸೋ ಎಂಪಿಲ್ಯಾಬ್ ಎಕ್ಸ್‌ನಲ್ಲಿ ಇವು ಪಕ್ಕಾ ಬೇರೆ ಬೇರೆ: ಐಡಿಇ ಒಂದ್ಸಲ ಇನ್‌ಸ್ಟಾಲ್, ಎಕ್ಸ್‌ಸಿ8 ಕಂಪೈಲರ್ ಇನ್ನೊಂದ್ಸಲ ಇನ್‌ಸ್ಟಾಲ್, ಯಾವ ಪ್ರಾಜೆಕ್ಟ್‌ಗೆ ಯಾವ ಕಂಪೈಲರ್, ಯಾವ ಪ್ಯಾಕ್ ಅಂತ ಪ್ರಾಪರ್ಟೀಸಲ್ಲಿ ನೀವೇ ಆರಿಸ್ಬೋದು. ಆರ್ಡುಯಿನೋದಲ್ಲಿ ಕಂಪೈಲರ್ ಬೋರ್ಡ್ ಮ್ಯಾನೇಜರಿಂದ ಕೋರ್ ಜೊತೇಲೇ ಬರುತ್ತೆ, ಅದಕ್ಕೇ ಐಡಿಇ ಮುಟ್ಟದೇ ಬರೀ ಇಎಸ್‌ಪಿ32 (ವೈಫೈ ಇರೋ ಚಿಪ್ಪು) ಕೋರ್ ಅಪ್‌ಡೇಟ್ ಮಾಡಿದ್ರೂ ಕಂಪೈಲರ್ ಬದಲಾಗಿರುತ್ತೆ.

ಹಿಂಗಾಗಿ ಅಪ್‌ಗ್ರೇಡ್ ಮಾಡ್ಲಾ ಅಂತ ಯಾರಾದ್ರೂ ಕೇಳಿದ್ರೆ ನಾನ್ ಮೊದ್ಲು ಕೇಳೋದು "ಯಾವುದನ್ನ?" ಅಂತ.

ಹೊಸದ್ರಲ್ಲಿ ಬಗ್ ಜಾಸ್ತಿ, ಹಳೇದೇ ಗಟ್ಟಿ ಅಂತ ಎಲ್ರೂ ಹೇಳ್ತಾರೆ, ನಿಜಾನಾ?

ಅರ್ಧ ನಿಜ. ಐಡಿಇ ಹ್ಯಾಂಗ್ ಆಗೋದು, ಸ್ಟಾರ್ಟ್ ಆಗೋಕೆ ಹೊತ್ತು ತಗೊಳ್ಳೋದು, ಪ್ರೋಗ್ರಾಮರ್ ಒಂದೊಂದ್ಸಲ ಗುರ್ತಿಸದೇ ಇರೋದು, ಇವೆಲ್ಲಾ ಕಿರಿಕಿರಿ ಹೌದು, ಆದ್ರೆ ಅದ್ರಿಂದ ನಿಮ್ ಬೋರ್ಡಿಗೆ ಏನೂ ಆಗಲ್ಲ. ಐಡಿಇ ಕೈಕೊಟ್ರೆ ನೀವು ಬೈತೀರಿ, ಕಂಪೈಲರ್ ಕೈಕೊಟ್ರೆ ನಿಮಗೆ ಬೈತಾರೆ, ಅಷ್ಟು ವ್ಯತ್ಯಾಸ. ಹಂಗಾಗಿ ಐಡಿಇ ವಿಷಯದಲ್ಲಿ ಸ್ವಲ್ಪ ಧೈರ್ಯ ಮಾಡ್ಬೋದು, ಕಂಪೈಲರ್ ಮತ್ತೆ ಲೈಬ್ರರಿ ವಿಷಯದಲ್ಲಿ ಜುಗ್ಗತನ ಮಾಡೋದೇ ಒಳ್ಳೇದು. ಹಳೇದೇ ಗಟ್ಟಿ ಅನ್ನೋದೂ ಪೂರ್ತಿ ಸರಿ ಅಲ್ಲ, ಹಳೇದ್ರಲ್ಲೂ ಬಗ್ ಇರ್ತಾವೆ, ಅವು ನಿಮಗೆ ರೂಢಿ ಆಗಿರ್ತಾವೆ ಅಷ್ಟೇ.

ನಮ್ ಮನೇಲಿ ಇರೋದು ವಿಂಡೋಸ್ 7 ಲ್ಯಾಪ್‌ಟಾಪು. ಆರ್ಡುಯಿನೋ 2 ನಡೀತೈತಾ?

ಇಲ್ಲ. ಐಡಿಇ 2ಕ್ಕೆ ವಿಂಡೋಸ್ 10 ಅಥವಾ ಮುಂದಿನದು, ಅದೂ 64 ಬಿಟ್ ಬೇಕು. ನಿಮಗೆ 1.8.19 ಸಾಕು, 2021ರ ಡಿಸೆಂಬರಲ್ಲಿ ಬಂದಿದ್ದು, 1.8 ಸಾಲಿನಲ್ಲಿ ಅದೇ ಕೊನೇದು. ಉನೋ ಬೋರ್ಡಲ್ಲಿ ಎಲ್‌ಇಡಿ, ಸೆನ್ಸರ್, ಎಲ್‌ಸಿಡಿ ಮಾಡೋಕೆ ಎರಡ್ರಲ್ಲೂ ಬರೋ ಹೆಕ್ಸ್ ಒಂದೇ ಥರ, ಕೋರ್ ವರ್ಷನ್ ಒಂದೇ ಇದ್ರೆ. 2ರಲ್ಲಿ ಜಾಸ್ತಿ ಸಿಗೋದು ಟೈಪ್ ಮಾಡೋವಾಗ ತಾನೇ ಹೆಸ್ರು ತೋರಿಸೋದು ಮತ್ತೆ ಕೆಲವು ಬೋರ್ಡಿಗೆ ಡೀಬಗ್ಗರ್.

ಕಾಲೇಜ್ ಲ್ಯಾಬಲ್ಲಿ ಕೀಲ್ 4 ಇದೆ, ನಾನು ಮನೇಲಿ 5 ಹಾಕ್ಕೊಂಡೆ, ಎಲ್‌ಪಿಸಿ2148 ಲಿಸ್ಟಲ್ಲೇ ಇಲ್ಲ ಸರ್!

ಕೀಲ್ ಇನ್ನೊಂದು ಐಡಿಇ, ಎಲ್‌ಪಿಸಿ2148 ಹಳೇ ಆರ್ಮ್7 ಜಾತಿ ಚಿಪ್ಪು. ಕೀಲ್ 5 ಹಾಕಿದ್ರೆ ಆರ್ಮ್7 ತಾನಾಗಿ ಬರಲ್ಲ, ಲೆಗಸಿ ಸಪೋರ್ಟ್ ಅಂತ ಬೇರೆ ಇನ್‌ಸ್ಟಾಲರ್ ಇದೆ, ಅದನ್ನ ಹಾಕ್ಬೇಕು. ಅದಾದ್ಮೇಲೂ ಇನ್ನೊಂದು ಕಲ್ಲು ಸಿಗುತ್ತೆ: ಆರ್ಮ್ ಕಂಪೈಲರ್ 6ಕ್ಕೆ ಆರ್ಮ್7 ಬರಲ್ಲ, ಹಳೇ ಕಂಪೈಲರ್ 5 ಬೇಕು, ಆ 5ನ್ನ ಎಂಡಿಕೆ (ಆರ್ಮ್ ಚಿಪ್ಪಿನ ಕೀಲ್) 5.37ರಿಂದ ಜೊತೇಲಿ ಕೊಡೋದು ನಿಲ್ಲಿಸಿದಾರೆ, ಬೇರೆಯಾಗಿ ತಂದು ಸೇರಿಸ್ಕೋಬೇಕು. ಇಷ್ಟೆಲ್ಲಾ ಒಂದು ಲ್ಯಾಬ್ ಎಕ್ಸಾಮಿಗೋಸ್ಕರ ಯಾಕೆ? ಲ್ಯಾಬಲ್ಲಿ ಯಾವ ವರ್ಷನ್ ಇದೆಯೋ ಮನೇಲೂ ಅದೇ ಇಟ್ಕೋ. ಎಕ್ಸಾಮಲ್ಲಿ ಯಾರೂ ನಿನ್ನ ವರ್ಷನ್ ನೋಡಿ ಮಾರ್ಕ್ಸ್ ಹಾಕಲ್ಲ.

ಫ್ರೀ ವರ್ಷನ್ನಲ್ಲೇ ಇದ್ದೀನಿ, ಅಪ್‌ಗ್ರೇಡ್ ಆದ್ರೆ ದುಡ್ಡು ಕೇಳ್ತಾರಾ?

ಒಂದೊಂದ್ಕಡೆ ಒಂದೊಂಥರ. ಎಕ್ಸ್‌ಸಿ8ರ 2ನೇ ಸಾಲಲ್ಲಿ ಫ್ರೀನಲ್ಲೇ ಲೆವೆಲ್ 2 ಆಪ್ಟಿಮೈಸೇಶನ್ (ಕೋಡನ್ನ ಸಣ್ಣ, ಚುರುಕು ಮಾಡೋದು) ತನಕ ಸಿಗುತ್ತೆ, ಹಳೇ 1ನೇ ಸಾಲಿನ ಫ್ರೀ ಮೋಡಿಗೆ ಹೋಲಿಸಿದ್ರೆ ಹೆಕ್ಸ್ ಸಣ್ಣದಾಗುತ್ತೆ, ಅಪ್‌ಗ್ರೇಡ್ ಆಗೋಕೆ ಇದೊಂದು ಒಳ್ಳೇ ಕಾರಣ. ಕೀಲ್‌ನಲ್ಲಿ 8051ಕ್ಕೆ ಇವ್ಯಾಲ್ಯುಯೇಶನ್ 2 ಕೆಬಿ, ಆರ್ಮಿಗೆ ಲೈಟ್ 32 ಕೆಬಿ ಮಿತಿ. ಎಂಡಿಕೆ ಕಮ್ಯುನಿಟಿ ಅಂತ ಸೈಜ್ ಮಿತಿ ಇಲ್ಲದ್ದೂ ಇದೆ, ಆದ್ರೆ ಬೋರ್ಡ್ ಮಾರೋಕೆ ಅದನ್ನ ಬಳಸಂಗಿಲ್ಲ.

## ಕೈಯಲ್ಲಿ ಪ್ರಾಜೆಕ್ಟ್ ಇರೋರಿಗೆ

ಹಳೇದು ಹೊಸದು ಎರಡೂ ಒಂದೇ ಪಿಸಿಲಿ ಇಟ್ಕೋಬೋದಾ?

ಇಟ್ಕೋಬೋದು, ಇಟ್ಕೊಳ್ಳೇಬೇಕು. ಎಕ್ಸ್‌ಸಿ8 ಪ್ರತಿ ವರ್ಷನ್ನೂ ತನ್ನ ನಂಬರ್ ಹೆಸ್ರಿನ ಫೋಲ್ಡರಲ್ಲಿ ಕೂರುತ್ತೆ, ಒಂದಕ್ಕೊಂದು ತಗಾದೆ ಇಲ್ಲ. ಸಿಕ್ಕಿಹಾಕ್ಕೊಳ್ಳೋದು ಆರ್ಡುಯಿನೋದಲ್ಲಿ. 1.8, 2 ಎರಡೂ ಅಕ್ಕಪಕ್ಕ ಇರ್ತಾವೆ ನಿಜ, ಆದ್ರೆ ಕೋರ್‌ಗಳು ಕೂರೋದು ಆರ್ಡುಯಿನೋ15 ಅನ್ನೋ ಒಂದೇ ಫೋಲ್ಡರಲ್ಲಿ, ಲೈಬ್ರರಿಗಳು ಒಂದೇ ಸ್ಕೆಚ್‌ಬುಕ್ಕಲ್ಲಿ. ಹೊಸದ್ರಲ್ಲಿ ಇಎಸ್‌ಪಿ32 ಕೋರ್ 3 ಹಾಕಿದ್ರೆ ಹಳೇದ್ರಲ್ಲೂ ಅದೇ 3 ಬಂದು ಕೂತಿರುತ್ತೆ. ಜನ "ನಾನು ಹಳೇದು ಮುಟ್ಟೇ ಇಲ್ಲ, ಅದೂ ಕೆಟ್ಟೋಗೈತೆ" ಅನ್ನೋದು ಇದಕ್ಕೇ.

ಉಪಾಯ ಸುಲಭ. 1.8.19ರ ಜಿಪ್ ಫೈಲ್ ತಗೊಂಡು ಬಿಚ್ಚಿ, ಅದರೊಳಗೆ ಪೋರ್ಟಬಲ್ ಅನ್ನೋ ಹೆಸ್ರಲ್ಲಿ, ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದು ಖಾಲಿ ಫೋಲ್ಡರ್ ಮಾಡ್ರಿ. ಆಮೇಲೆ ಅದು ಕೋರು, ಲೈಬ್ರರಿ, ಸೆಟ್ಟಿಂಗ್ ಎಲ್ಲಾ ಅದರೊಳಗೇ ಇಟ್ಕೊಳ್ಳುತ್ತೆ, ಹೊರಗಿಂದು ನೋಡಲ್ಲ. ಪ್ರಾಜೆಕ್ಟಿಗೊಂದು ಇಂಥ ಫೋಲ್ಡರ್ ಮಾಡಿ ಪೆನ್‌ಡ್ರೈವಿಗೆ ಹಾಕ್ಕೊಂಡ್ರೂ ಓಡುತ್ತೆ.

ಕೋಡ್ ಒಂದಕ್ಷರಾನೂ ಮುಟ್ಟಿಲ್ಲ, ಅಪ್‌ಗ್ರೇಡ್ ಆದ್ಮೇಲೆ ಬರೀ ಎರರ್ ಸುರೀತಾ ಐತೆ, ಸಾಫ್ಟ್‌ವೇರೇ ಸರಿ ಇಲ್ಲ ಅಲ್ವಾ?

ಎರರ್ ಬಂತು ಅಂದ್ರೆ ಖುಷಿ ಪಡ್ರಿ, ಅದು ಎಲ್ಲಿ ಬದಲಾಗೈತೆ ಅಂತ ಬಾಯಿಬಿಟ್ಟು ಹೇಳ್ತಾ ಐತೆ. ನಮ್ ಕಡೆ ಜಾಸ್ತಿ ಕಾಣೋದು ನಾಕು ಥರ.

ಇಎಸ್‌ಪಿ32 ಕೋರ್ 2ರಿಂದ 3ಕ್ಕೆ ಹೋದೋರು, ಇದು 2024ರಲ್ಲಿ ಬಂದಿದ್ದು: ಪಿಡಬ್ಲ್ಯೂಎಮ್‌ಗೆ (ಫ್ಯಾನ್ ಸ್ಪೀಡ್, ಲೈಟ್ ಬೆಳಕು ಕಡಿಮೆ ಜಾಸ್ತಿ ಮಾಡೋಕೆ) ಇದ್ದ ಲೆಡ್‌ಸಿ ಸೆಟಪ್, ಲೆಡ್‌ಸಿ ಅಟ್ಯಾಚ್‌ಪಿನ್ ಎರಡೂ ತೆಗ್ದು ಲೆಡ್‌ಸಿ ಅಟ್ಯಾಚ್ ಅಂತ ಒಂದೇ ಮಾಡಿದಾರೆ, ಟೈಮರ್ ಬಿಗಿನ್‌ಗೆ ಈಗ ಬರೀ ಫ್ರೀಕ್ವೆನ್ಸಿ ಕೊಡ್ಬೇಕು. ಎಕ್ಸ್‌ಸಿ8 1ರಿಂದ 2ಕ್ಕೆ ಹೋದೋರು: ಡೀಫಾಲ್ಟ್ ಸಿ99 (ಸಿ ಭಾಷೆಯ 1999ರ ನಿಯಮ) ಆಯ್ತು, ಹಂಗಾಗಿ ಬರೀ ಇಂಟರಪ್ಟ್ ಅಂತ ಬರೆಯೋ ಹಳೇ ಶೈಲಿ ಒಪ್ಪಲ್ಲ, ಪದಕ್ಕೆ ಮೊದ್ಲು ಎರಡು ಅಂಡರ್‌ಸ್ಕೋರ್, ಆಮೇಲೆ ಬ್ರಾಕೆಟ್ ಹಾಕಿ ಬರೀಬೇಕು, ಅಡ್ರೆಸ್ ಕೊಡೋಕೆ ಇದ್ದ ಅಟ್ ಚಿಹ್ನೆದೂ ಇದೇ ಕಥೆ. ಪುರುಸೊತ್ತಿಲ್ಲ ಅಂದ್ರೆ ಪ್ರಾಜೆಕ್ಟ್ ಸೆಟ್ಟಿಂಗಲ್ಲಿ ಸಿ90 ಮಾಡಿದ್ರೆ ಹಳೇ ಕೋಡ್ ಬಹುತೇಕ ಹಂಗೇ ನಡೀತೈತೆ. ಆರ್ಮ್ ಜಿಸಿಸಿ 10 ಅಥವಾ ಮೇಲಿನದಕ್ಕೆ ಹೋದೋರಿಗೆ "ಮಲ್ಟಿಪಲ್ ಡೆಫಿನಿಷನ್" ಅಂತ ಬರುತ್ತೆ, ಹೆಡರ್ ಫೈಲಲ್ಲಿ ಎಕ್ಸ್‌ಟರ್ನ್ ಹಾಕದೇ ಗ್ಲೋಬಲ್ ವೇರಿಯೇಬಲ್ ಬರ್ದಿದ್ದನ್ನ ಮುಂಚೆ ಸುಮ್ನೆ ಬಿಡ್ತಿತ್ತು, ಈಗ ಬಿಡಲ್ಲ. ಇನ್ನು ಎವಿಆರ್ ಚಿಪ್ಪಿನ ಹಳೇ ವಿನ್‌ಎವಿಆರ್ ಕಂಪೈಲರ್ ಕೋಡು ಇರೋರು, ಅದರ ಕೊನೇ ವರ್ಷನ್ 2010ರ ಜನವರೀದು, ಅವ್ರಿಗೆ ಪ್ರೋಗ್‌ಮೆಮ್ (ಫ್ಲ್ಯಾಶಲ್ಲಿ ಇಡೋ) ಟೇಬಲ್‌ಗೆಲ್ಲಾ ಕಾನ್ಸ್ಟ್ ಹಾಕು ಅಂತ ಕೇಳುತ್ತೆ. ಹಾಕ್ರಿ, ಮುಗೀತು.

ಎರರೂ ಇಲ್ಲ, ವಾರ್ನಿಂಗೂ ಇಲ್ಲ, ಡಂಪ್ ಮಾಡಿದ್ರೆ (ಹೆಕ್ಸ್ ಚಿಪ್ಪಿಗೆ ಹಾಕಿದ್ರೆ) ಬೋರ್ಡ್ ಮಾತ್ರ ಬೇರೆ ಥರ ಆಡ್ತೈತೆ. ಏನಿದು?

ಹೆದರ್ಬೇಕಾಗಿರೋದು ಇದಕ್ಕೆ. ಮೇಲೆ ಹೇಳಿದ ಇಎಸ್‌ಪಿ32ದೇ ತಗೊಳ್ರಿ. ಎರರ್ ಬಂದ ಎರಡು ಲೈನ್ ಸರಿ ಮಾಡಿ ಕಂಪೈಲ್ ಆತು ಅಂತ ಬಿಟ್ಟಿರ್ತಾರೆ, ಆದ್ರೆ ಲೆಡ್‌ಸಿ ರೈಟ್‌ಗೆ ಮೊದ್ಲು ಕೊಡ್ತಿದ್ದುದು ಚಾನೆಲ್ ನಂಬರು, ಈಗ ಅದೇ ಜಾಗದಲ್ಲಿ ಪಿನ್ ನಂಬರ್ ಕೊಡ್ಬೇಕು. ಎರಡೂ ಬರೀ ಅಂಕಿ, ಕಂಪೈಲರ್‌ಗೆ ಏನ್ ಗೊತ್ತಾಗುತ್ತೆ? ಸೊನ್ನೆ ಚಾನೆಲ್ಲಿಗೆ ಅಂತ ಬರ್ದಿದ್ದು ಸೊನ್ನೆ ಪಿನ್ನಿಗೆ ಹೋಗುತ್ತೆ, ಫ್ಯಾನ್ ತಿರುಗಲ್ಲ.

ಇನ್ನೊಂದು ಸ್ಟಾರ್ ಡೆಲ್ಟಾ ಸ್ಟಾರ್ಟರಿಂದು (ಮೋಟ್ರನ್ನ ಮೊದ್ಲು ಸ್ಟಾರಲ್ಲಿ ಎಬ್ಸಿ ಆಮೇಲೆ ಡೆಲ್ಟಾಕ್ಕೆ ಹಾಕೋದು), ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಟಾರ್ ಕಾಂಟ್ಯಾಕ್ಟರ್ ಬಿಟ್ಟ ಮೇಲೆ ಡೆಲ್ಟಾ ಹಿಡಿಯೋಕೆ ಮುಂಚೆ ಒಂದು ಸಣ್ಣ ಗ್ಯಾಪ್ ಬೇಕು, 50 ಮಿಲಿಸೆಕೆಂಡ್ ಆಸುಪಾಸು. ಆ ಗ್ಯಾಪಿಗೆ ಸುಮಾರು ಜನ ಏನ್ ಮಾಡಿರ್ತಾರೆ ಅಂದ್ರೆ ಒಂದು ಖಾಲಿ ಫಾರ್ ಲೂಪ್ ಹಾಕಿ ಎಣಿಸ್ತಾ ಕೂರ್ಸಿರ್ತಾರೆ. ಹಳೇ ಪ್ರಾಜೆಕ್ಟಲ್ಲಿ ಆಪ್ಟಿಮೈಸೇಶನ್ ಆಫ್ ಇತ್ತು, ವರ್ಷಗಟ್ಲೆ ಓಡ್ತು. ಹೊಸ ಐಡಿಇಗೆ ಇಂಪೋರ್ಟ್ ಮಾಡಿದಾಗ ರಿಲೀಸ್ ಸೆಟ್ಟಿಂಗ್ ಬಂದು ಆಪ್ಟಿಮೈಸೇಶನ್ ಆನ್ ಆಗ್ಬೋದು, ಆವಾಗ, ಕಂಪೈಲರ್ ನೋಡುತ್ತೆ, ಈ ಲೂಪ್ ಏನೂ ಕೆಲ್ಸ ಮಾಡ್ತಿಲ್ಲ ಅಂತ ಕಿತ್ತಾಕುತ್ತೆ, ಗ್ಯಾಪೇ ಇಲ್ಲ. ಪ್ಯಾನೆಲ್ಲಲ್ಲಿ ಒಂದು ಹಿಡಿದಾಗ ಇನ್ನೊಂದು ಹಿಡಿಯದಂಗೆ ಎನ್‌ಸಿ ಕಾಂಟ್ಯಾಕ್ಟಿಂದ ಇಂಟರ್‌ಲಾಕ್ ವೈರ್ ಮಾಡಿದ್ರೆ ಬಚಾವ್, ಖರ್ಚು ಉಳ್ಸೋಕೆ ಬಿಟ್ಟಿದ್ರೆ ಫೇಸ್ ಫೇಸ್ ಶಾರ್ಟ್ ಆಗಿ ಕಾಂಟ್ಯಾಕ್ಟರ್ ಅಂಟ್ಕೊಳ್ಳುತ್ತೆ. ಇದು ಕಂಪೈಲರ್ ತಪ್ಪಲ್ಲ ನೋಡ್ರಿ. ಟೈಮರಿಂದ ಡಿಲೇ ಮಾಡ್ಬೇಕಿತ್ತು. ಇಂಟರಪ್ಟಲ್ಲಿ ಬದಲಾಗೋ ಫ್ಲ್ಯಾಗಿಗೆ ವೊಲಟೈಲ್ (ಇದು ಯಾವಾಗ ಬೇಕಾದ್ರೂ ಬದಲಾಗುತ್ತೆ ಅಂತ ಕಂಪೈಲರ್‌ಗೆ ಹೇಳೋ ಪದ) ಹಾಕದೇ ಇರೋದೂ ಇದೇ ಜಾತಿ. ಅಪ್‌ಗ್ರೇಡಿಗೆ ಮುಂಚೆ ಇವೆರಡನ್ನ ಕೋಡಲ್ಲಿ ಹುಡುಕಿ ಸರಿ ಮಾಡ್ರಿ, "ಹೊಸ ಕಂಪೈಲರ್ ಬಗ್" ಅನ್ನೋದ್ರಲ್ಲಿ ಬಹಳಷ್ಟು ಅಲ್ಲೇ ಮಾಯ ಆಗ್ತಾವೆ.

ಪಿಕ್‌ಕಿಟ್ 3 ಚೆನ್ನಾಗೇ ಐತೆ, ಹೊಸ ಎಂಪಿಲ್ಯಾಬ್ ಯಾಕೆ ಗುರ್ತಿಸ್ತಿಲ್ಲ?

ಪಿಕ್‌ಕಿಟ್ 3 ಅನ್ನೋ ಪ್ರೋಗ್ರಾಮರನ್ನ ಎಂಪಿಲ್ಯಾಬ್ ಎಕ್ಸ್ 6.25ರಿಂದ ತೆಗ್ದುಬಿಟ್ಟಿದಾರೆ. 6.20 ಉಳಿಸ್ಕೊಳ್ರಿ. ಎಡಿಟ್, ಬಿಲ್ಡ್ ಎಲ್ಲಾ ಹೊಸದ್ರಲ್ಲಿ ಮಾಡಿ ಹೆಕ್ಸ್ ಮಾತ್ರ ಹಳೇ ವರ್ಷನ್ ಜೊತೆ ಬರೋ ಐಪಿಇ ಅನ್ನೋ ಪ್ರೋಗ್ರಾಮಿಂಗ್ ಸಾಫ್ಟ್‌ವೇರಿಂದ ಡಂಪ್ ಮಾಡಿದ್ರೂ ಆತು. ತೀರಾ ಹೊಸ ಚಿಪ್ಪಿಗೆ ಹೋಗ್ತೀರಿ ಅಂದ್ರೆ ಮಾತ್ರ ಪ್ರೋಗ್ರಾಮರ್‌ಗೆ ದುಡ್ಡು ಹಾಕ್ರಿ.

ನಮ್ದು ಇನ್ನೂ ಅಸೆಂಬ್ಲಿ, ಎಂಪಿಆಸ್ಮ್ ಕೋಡು. ಏನ್ ಮಾಡೋದು?

ಎಂಪಿಆಸ್ಮ್ ಅನ್ನೋ ಹಳೇ ಅಸೆಂಬ್ಲರ್ ಇರೋ ಎಂಪಿಲ್ಯಾಬ್ ಎಕ್ಸ್ 5.35ರಲ್ಲೇ ನಿಂತುಬಿಡ್ರಿ. 5.40ರಿಂದ ಐಡಿಇ ಬರೀ 64 ಬಿಟ್, ಎಂಪಿಆಸ್ಮ್ ಅದ್ರಲ್ಲಿ ಇಲ್ಲ. ಎಕ್ಸ್‌ಸಿ8 ಜೊತೆ ಬರೋ ಪಿಕ್ ಅಸೆಂಬ್ಲರ್‌ನ ಬರವಣಿಗೆ ರೀತಿನೇ ಬೇರೆ, ಸಾವಿರ ಲೈನ್ ಕೋಡ್ ತಿದ್ದೋ ಬದ್ಲು ಮುಂದಿನ ಮಾಡೆಲ್ ಬಂದಾಗ ಸಿನಲ್ಲೇ ಹೊಸದಾಗಿ ಬರೆಯೋದು ವಾಸಿ.

ಎಸ್‌ಟಿ-ಲಿಂಕ್ ಫರ್ಮ್‌ವೇರ್ ಅಪ್‌ಗ್ರೇಡ್ ಮಾಡು ಅಂತ ಕೇಳ್ತೈತೆ, ಎಸ್ ಅನ್ಲಾ?

ಎಸ್‌ಟಿ-ಲಿಂಕ್ ಅಂದ್ರೆ ಎಸ್‌ಟಿ ಕಂಪನಿ ಚಿಪ್ಪಿನ ಪ್ರೋಗ್ರಾಮರ್. ಅದೇ ಕಂಪನಿಯ ನ್ಯೂಕ್ಲಿಯೋ ಬೋರ್ಡಲ್ಲಿ ಇರೋ ಒರಿಜಿನಲ್ ಆದ್ರೆ ಅನ್ನು. ಅಲ್ಯೂಮಿನಿಯಂ ಡಬ್ಬಿಯ ಕಡಿಮೆ ರೇಟಿನ ಡ್ಯೂಪ್ಲಿಕೇಟ್ ಆದ್ರೆ ಕೆಲವು ಆಗ್ತಾವೆ, ಕೆಲವು ಸತ್ತು ಹೋಗ್ತಾವೆ, ಅದೊಂದೇ ಇದ್ರೆ ರಿಸ್ಕ್ ತಗೋಬ್ಯಾಡ. ಬ್ಲೂ ಪಿಲ್ ಅನ್ನೋ ಎಸ್‌ಟಿ ಚಿಪ್ಪಿನ ಸಣ್ಣ ಬೋರ್ಡಿಂದು ಬೇರೆ ತಕರಾರು, ಅದರ ಮೇಲಿರೋ ಚಿಪ್ಪೇ ಎಷ್ಟೋ ಸಲ ಡ್ಯೂಪ್ಲಿಕೇಟು. ಹಳೇ ಸಾಫ್ಟ್‌ವೇರ್ ಕಣ್ಮುಚ್ಚಿ ಒಪ್ಕೊಂತಿತ್ತು, ಎಸ್‌ಟಿಯ ಹೊಸ ಕ್ಯೂಬ್ ಐಡಿಇ ಡೀಬಗ್ ಒತ್ತಿದ್ರೆ ಇದು ಎಸ್‌ಟಿ ಚಿಪ್ ಅಂತ ಖಾತ್ರಿ ಆಗ್ತಿಲ್ಲ ಅಂತ ನಿಂತುಬಿಡುತ್ತೆ. ಸಾಫ್ಟ್‌ವೇರ್ ಕೆಟ್ಟಿಲ್ಲ, ಬೋರ್ಡ್ ಅಸಲಿ ಅಲ್ಲ ಅಂತ ಈಗ ಗೊತ್ತಾತು ಅಷ್ಟೇ. ಕಲಿಯೋಕೆ ಓಪನ್‌ಓಸಿಡಿ ಅನ್ನೋ ಡೀಬಗ್ ಸಾಫ್ಟ್‌ವೇರ್ ಸೆಟ್ಟಿಂಗಲ್ಲಿ ಚಿಪ್ಪಿನ ಐಡಿ ಬದಲಾಯಿಸಿ ಓಡಿಸ್ಬೋದು, ಕಸ್ಟಮರ್‌ಗೆ ಕೊಡೋ ಬೋರ್ಡಿಗೆ ಅಂಥ ಚಿಪ್ ಹಾಕಬ್ಯಾಡಿ.

ಹಳೇ ಕ್ಯೂಬ್ ಪ್ರಾಜೆಕ್ಟ್ ತೆಗೆದ್ರೆ ಮೈಗ್ರೇಟಾ ಕಂಟಿನ್ಯೂನಾ ಅಂತ ಕೇಳುತ್ತೆ, ಯಾವ್ದು ಒತ್ಲಿ?

ಫೋಲ್ಡರ್ ಪೂರ್ತಿ ಕಾಪಿ ಮಾಡಿ ಆಮೇಲೆ ಏನಾದ್ರೂ ಒತ್ತು. ಮೈಗ್ರೇಟ್ ಆದ ಐಒಸಿ ಫೈಲ್ (ಪಿನ್, ಕ್ಲಾಕ್ ಸೆಟ್ಟಿಂಗ್ ಇರೋದು) ಹಳೇ ವರ್ಷನ್ನಲ್ಲಿ ಮತ್ತೆ ತೆರೆಯಲ್ಲ. ಕೋಡ್ ಜನರೇಟ್ ಮಾಡಿದಾಗ ಯೂಸರ್ ಕೋಡ್ ಬಿಗಿನ್, ಎಂಡ್ ಕಾಮೆಂಟ್ ನಡುವೆ ಇರೋದು ಉಳಿಯುತ್ತೆ, ಅದರಾಚೆ ನೀನು ಬರ್ದಿದ್ದೆಲ್ಲಾ ಅಳಿಸಿ ಹೋಗುತ್ತೆ.

## ಬೋರ್ಡ್ ಮಾರೋರಿಗೆ

ಆಗ್ಲೇ ತೋಟದಲ್ಲಿ ಓಡ್ತಿರೋ ಸ್ಟಾರ್ಟರ್‌ಗೆ ಹೊಸ ಕಂಪೈಲರಿಂದ ಮಾಡಿದ ಹೆಕ್ಸ್ ಹಾಕ್ಬೋದಾ?

ಹಾಕ್ಲೇಬೇಕಾದ ಕಾರಣ ಇದ್ರೆ ಮಾತ್ರ. ಬಗ್ ಸರಿ ಮಾಡ್ಬೇಕು ಅಂದ್ರೆ ಹಳೇ ಕಂಪೈಲರಲ್ಲೇ ಸರಿ ಮಾಡಿ ಕೊಡ್ರಿ, ಬಗ್ ತಿದ್ದೋದು, ಕಂಪೈಲರ್ ಬದ್ಲಿಸೋದು ಎರಡನ್ನ ಒಂದೇ ದಿನ ಮಾಡಿದ್ರೆ ಆಮೇಲೆ ಕೆಟ್ಟಾಗ ಯಾವುದರಿಂದ ಕೆಡ್ತು ಅಂತ ಹುಡುಕೋರು ಯಾರು?

ಬದ್ಲಿಸ್ಲೇಬೇಕು ಅಂದ್ರೆ ಮೊದ್ಲು ಹಳೇ ಕೋಡನ್ನ ಹಳೇ ಕಂಪೈಲರಲ್ಲೇ ಬಿಲ್ಡ್ ಮಾಡಿ, ಕಸ್ಟಮರ್‌ಗೆ ಕೊಟ್ಟ ಹೆಕ್ಸ್ ಜೊತೆ ಹೋಲಿಸ್ರಿ. ಬೈಟ್ ಬೈಟ್ ಒಂದೇ ಇರ್ಬೇಕು. ಇಲ್ಲ ಅಂದ್ರೆ ನಿಮ್ ಹತ್ರ ಇರೋ ಕೋಡು, ಬೋರ್ಡಲ್ಲಿರೋ ಕೋಡು ಬೇರೆ ಬೇರೆ, ಕಂಪೈಲರ್ ಮಾತು ಆಮೇಲೆ. ಬಿಲ್ಡ್ ಮಾಡಿದ ತಾರೀಕು ಟೈಮನ್ನ ಮ್ಯಾಕ್ರೋ ಇಟ್ಟು ಡಿಸ್‌ಪ್ಲೇಲಿ ತೋರಿಸ್ತಿದ್ರೆ ಅಷ್ಟು ಜಾಗ ಮಾತ್ರ ಬೇರೆ ಬರುತ್ತೆ, ಅದಕ್ಕೆ ತಲೆ ಕೆಡ್ಸ್ಕೊಬ್ಯಾಡಿ. ಆಮೇಲೆ ಹೊಸದ್ರಲ್ಲಿ ಬಿಲ್ಡ್ ಮಾಡಿ ಫ್ಲ್ಯಾಶ್ ಎಷ್ಟು, ರ‍್ಯಾಮ್ ಎಷ್ಟು ಅಂತ ಮ್ಯಾಪ್ ಫೈಲ್ ನೋಡ್ರಿ, ಕಾನ್ಫಿಗ್ ಬಿಟ್ (ಚಿಪ್ಪಿನ ಮೂಲ ಸೆಟ್ಟಿಂಗ್) ಒಂದೊಂದೂ ತಾಳೆ ಹಾಕ್ರಿ. ವಾಚ್‌ಡಾಗು (ಕೋಡ್ ಸಿಕ್ಕಿಕೊಂಡ್ರೆ ರೀಸೆಟ್ ಮಾಡೋದು), ಬ್ರೌನ್‌ಔಟು (ವೋಲ್ಟೇಜ್ ಕುಸಿದ್ರೆ ರೀಸೆಟ್ ಮಾಡೋದು) ಡೀಫಾಲ್ಟಿಗೆ ಹೋಗಿದ್ರೆ ಟೇಬಲ್ ಮೇಲೆ ಗೊತ್ತೇ ಆಗಲ್ಲ, ಚನ್ನಗಿರಿ ತೋಟದಲ್ಲಿ ರಾತ್ರಿ ಗೊತ್ತಾಗುತ್ತೆ.

ಟೆಸ್ಟೂ ಅಷ್ಟೇ, ಬೆಂಚ್ ಸಪ್ಲೈಲಿ ಎಲ್‌ಇಡಿ ಮಿಣುಕಿದ್ರೆ ಸಾಲ್ದು. ನಮ್ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಪಾಳಿ ಲೆಕ್ಕದಲ್ಲಿ ಬರೋದು ಹೋಗೋದು, ಬಂದ ಕ್ಷಣ ಊರ ಮೋಟ್ರೆಲ್ಲಾ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತೆ. ಹಂಗಾಗಿ ನಿಜವಾದ ಕಾಂಟ್ಯಾಕ್ಟರ್ ಕಾಯಿಲ್ ಜೋಡ್ಸಿ, ಸಪ್ಲೈ ಪಟಪಟ ಆನ್ ಆಫ್ ಮಾಡಿ, ಒಂದು ಫೇಸ್ ಕಿತ್ತು, ಲೋ ವೋಲ್ಟೇಜ್ ಕೊಟ್ಟು ರಾತ್ರಿಯೆಲ್ಲಾ ಓಡ್ಸ್ರಿ. ಆಮೇಲೆ ಪರಿಚಯದವರ ಒಂದೋ ಎರಡೋ ತೋಟದಲ್ಲಿ ಮಾತ್ರ ಹಾಕಿ ನೋಡ್ರಿ. ಇನ್ನೊಂದು ಮಾತು, ಇದನ್ನೆಲ್ಲಾ ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಇಟ್ಕೋಬ್ಯಾಡಿ. ಅಡಿಕೆಗೆ ನೀರು ತಪ್ಪಿದ್ರೆ ರೈತ ಕಂಪೈಲರ್ ಕಥೆ ಕೇಳಲ್ಲ. ಮಳೆ ಹಿಡಿದ ಮೇಲೆ ಮಾಡ್ರಿ.

ಹಂಗಾದ್ರೆ ಅಪ್‌ಗ್ರೇಡ್ ಮಾಡ್ದೇನೇ ಇದ್ದುಬಿಟ್ರೆ ಏನ್ ಗಂಟು ಹೋಗುತ್ತೆ?

ನಿಧಾನಕ್ಕೆ ಹೋಗುತ್ತೆ, ಅದಕ್ಕೇ ಗೊತ್ತಾಗಲ್ಲ. 2021ರ ಹೊತ್ತಿಗೆ ಚಿಪ್ ಅಭಾವ ಬಂದಾಗ ಸಿಕ್ಕ ಚಿಪ್ಪಿಗೆ ಬದಲಾಗ್ಬೇಕಾಗಿತ್ತು, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿ ಹೊಸ ಪಾರ್ಟ್ ತಂದ್ರೂ ಹಳೇ ಕಂಪೈಲರಲ್ಲಿ ಅದರ ಹೆಸ್ರೇ ಇರಲ್ಲ. ಹಳೇ ಐಡಿಇಗೆ ಪಿಕ್‌ಕಿಟ್ 5 ಗೊತ್ತಿಲ್ಲ, ಇರೋ ಪ್ರೋಗ್ರಾಮರ್ ಸತ್ತ ದಿನ ಕೈ ಕಟ್ಟಿದಂಗೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗೀತು, ಹೊಸ ಪಿಸಿ ತಂದ್ರೆ ಹಳೇ ಡ್ರೈವರ್ ಕೂರುತ್ತೆ ಅಂತ ಗ್ಯಾರಂಟಿ ಇಲ್ಲ. ಇಂಟರ್ನೆಟ್ಟಿಗೆ ಹೋಗೋ ಇಎಸ್‌ಪಿ32 ಬೋರ್ಡ್ ಆದ್ರೆ ಸೆಕ್ಯುರಿಟಿ ರಿಪೇರಿಗಳು ಹೊಸ ಕೋರಿಗೇ ಬರೋದು, ಅಲ್ಲಿ ಹಳೇದಕ್ಕೆ ಅಂಟ್ಕೊಂಡು ಕೂರೋದು ನನ್ ಪ್ರಕಾರ ತಪ್ಪು. ಬರೀ ರಿಲೇ ಕಟ್ಟೋ ಪಿಕ್ ಬೋರ್ಡ್ ಆದ್ರೆ ಹತ್ತು ವರ್ಷ ಹಳೇದ್ರಲ್ಲಿ ಇದ್ರೂ ಪರವಾಗಿಲ್ಲ.

ಸೊನ್ನೆ ವರ್ಷನ್ (2.0, 3.0 ಥರದ್ದು) ಬಂದ ಕೂಡ್ಲೇ ಹಾಕ್ಕೋಬೇಕಾ, ಕಾಯ್ಬೇಕಾ?

ಮಾರೋ ಬೋರ್ಡಿಗೆ ಕಾಯಿರಿ. 2022ರ ಸೆಪ್ಟೆಂಬರಲ್ಲಿ ಆರ್ಡುಯಿನೋ 2.0 ಬಂದಾಗ ಜಾವಾದಲ್ಲಿ ಮಾಡಿದ್ದ ಹಳೇ ಟೂಲ್‌ಗಳು, ಇಎಸ್‌ಪಿಗೆ ಫೈಲ್ ಹಾಕೋದು ಅಂಥವು, ನಡೀಲಿಲ್ಲ, ಬದಲಿ ಬರೋಕೆ ಟೈಮ್ ಹಿಡೀತು. ರಿಲೀಸ್ ನೋಟ್ಸಲ್ಲಿ ಹೊಸ ಫೀಚರ್ ಪಟ್ಟಿ ಬಿಟ್ಟು ನೇರ "ನೋನ್ ಇಶ್ಯೂಸ್"ಗೆ ಹೋಗ್ರಿ, ನಿಮ್ ಚಿಪ್ಪಿನ ಹೆಸ್ರು ಅಲ್ಲಿದ್ರೆ ಮುಂದಿನ ವರ್ಷನ್ ನೋಡಿದ್ರಾತು.

ಹಳೇ ಸೆಟಪ್ ಹಂಗೇ ಕಾಪಾಡಿ ಇಡೋದು ಹೆಂಗೆ? ಪಿಸಿ ಸುಟ್ಟೋದ್ರೆ?

ಇನ್‌ಸ್ಟಾಲರ್ ಫೈಲುಗಳು ಕಂಪನಿ ಸೈಟಲ್ಲಿ ಯಾವಾಗ್ಲೂ ಇರ್ತಾವೆ ಅಂತ ನಂಬಬ್ಯಾಡಿ, ಈಗ್ಲೇ ಇಳಿಸಿಡ್ರಿ: ಐಡಿಇ, ಕಂಪೈಲರ್, ಪ್ಯಾಕ್, ಲೈಬ್ರರಿ ಜಿಪ್, ಪ್ರೋಗ್ರಾಮರ್ ಡ್ರೈವರ್. ಕ್ಯೂಬ್ ಪ್ಯಾಕೇಜುಗಳು ರೆಪಾಸಿಟರಿ ಅನ್ನೋ ಬೇರೆ ಫೋಲ್ಡರಲ್ಲಿ ಕೂತಿರ್ತಾವೆ, ಅದನ್ನ ಮರೆಯೋರೇ ಜಾಸ್ತಿ. ಲೈಸೆನ್ಸ್ ಇದ್ರೆ ಅದು ಆ ಪಿಸಿಗೇ ಕಟ್ಟಿದ್ದಾ, ಇಂಟರ್ನೆಟ್ ಇಲ್ದೇ ಮತ್ತೆ ಆಕ್ಟಿವೇಟ್ ಆಗುತ್ತಾ ಅಂತ ಈಗ್ಲೇ ನೋಡ್ಕೊಳ್ರಿ. ವರ್ಚುವಲ್ ಮಷೀನಲ್ಲಿ ಎಲ್ಲಾ ಹಾಕಿ ಇಡೋದು ಇನ್ನೂ ಒಳ್ಳೇದು, ಬಿಲ್ಡ್ ಅದರೊಳಗೆ, ಡಂಪ್ ಮಾಡೋದು ಹೊರಗಿನ ಪಿಸಿಯಿಂದ, ಯಾಕಂದ್ರೆ ಯುಎಸ್‌ಬಿ ಪ್ರೋಗ್ರಾಮರ್ ಒಳಗೆ ಹಾಯಿಸೋದು ಒಂದೊಂದ್ಸಲ ಸತಾಯಿಸುತ್ತೆ.

ನಂದು ಹಳೇ ವರ್ಷನ್, ಚಿತ್ರದುರ್ಗದ ಪಾರ್ಟ್ನರದು ಹೊಸದು, ಒಂದೇ ಪ್ರಾಜೆಕ್ಟ್ ಅತ್ಲಾಗೆ ಇತ್ಲಾಗೆ ಓಡಾಡ್ತೈತೆ. ತೊಂದ್ರೆ ಐತಾ?

ಐತೆ. ಇಬ್ರೂ ಏನಾದ್ರೂ ಬಳಸ್ರಿ, ಕಸ್ಟಮರ್‌ಗೆ ಹೋಗೋ ಹೆಕ್ಸ್ ಮಾತ್ರ ಒಂದೇ ಪಿಸಿಯಿಂದ ಬರ್ಬೇಕು ಅಂತ ಮಾತಾಡ್ಕೊಳ್ರಿ. ಮಾತು ಮರ್ತು ಹೋಗುತ್ತೆ, ಅದಕ್ಕೆ ಕೋಡಲ್ಲೇ ಬೇಲಿ ಹಾಕ್ರಿ: ಎಕ್ಸ್‌ಸಿ8, ಜಿಸಿಸಿ, ಇಎಸ್‌ಪಿ32 ಕೋರ್ ಎಲ್ಲಾ ತಮ್ ವರ್ಷನ್ ನಂಬರನ್ನ ಒಂದು ಮ್ಯಾಕ್ರೋದಲ್ಲಿ ಕೊಡ್ತಾವೆ, ಮೇನ್ ಫೈಲಿನ ತಲೆ ಮೇಲೆ ಅದನ್ನ ಚೆಕ್ ಮಾಡಿ ಬೇರೆ ನಂಬರ್ ಇದ್ರೆ ಎರರ್ ಡೈರೆಕ್ಟಿವ್ ಹಾಕಿ ಬಿಲ್ಡನ್ನೇ ನಿಲ್ಸ್ರಿ. ಆ ಎರರ್ ಮೆಸೇಜಲ್ಲಿ ಯಾವ ವರ್ಷನ್ ಬೇಕು ಅಂತ ಬರೀರಿ, ಬೇಕಾದ್ರೆ ನಿಮ್ ಫೋನ್ ನಂಬರೂ ಹಾಕ್ರಿ, ಹೆಂಗಿದ್ರೂ ಫೋನ್ ಮಾಡೇ ಮಾಡ್ತಾರೆ.